ಗ್ಯಾಸ್ಟ್ರಿಕ್ ಅಲ್ಲ, ಗಡಿಯಾರ ನೋಡಿ

ನಮ್ಮ ಹಾಸನ ಸೀಮೆಯಲ್ಲಿ ಎದೆಯೊಳಗೆ ಏನೇ ಆದರೂ ಅದಕ್ಕೆ ಒಂದೇ ಹೆಸರು: ಗ್ಯಾಸ್ಟ್ರಿಕ್. ಮದುವೆ ಊಟ ಮಾಡಿ ಬಂದವರಿಗೆ ಗ್ಯಾಸ್ಟ್ರಿಕ್, ಊಟ ತಪ್ಪಿಸಿಕೊಂಡವರಿಗೂ ಗ್ಯಾಸ್ಟ್ರಿಕ್. ಆಲೂಗೆಡ್ಡೆ ಹೊಲದಲ್ಲಿ ಅಗೆಯುತ್ತಿದ್ದವನು ಎದೆ ಹಿಡಿದುಕೊಂಡು ಬದುವಿನ ಮೇಲೆ ಕುಳಿತರೆ ಪಕ್ಕದ ಹೊಲದವನು ಕೂಗಿ ಹೇಳುವ ಮಾತೂ ಅದೇ: 'ಗ್ಯಾಸ್ ಇರ್ಬೇಕು ಕಣೋ, ಒಂದು ಸೋಡಾ ಕುಡಿ.' ಎಷ್ಟೋ ಸಲ ಆ ಮಾತು ನಿಜವೂ ಆಗಿರುತ್ತದೆ. ಸೋಡಾ ಕುಡಿದವನು ತೇಗಿ ಎದ್ದು ಮತ್ತೆ ಗುದ್ದಲಿ ಹಿಡಿಯುತ್ತಾನೆ. ಹಾಗೆ ಹತ್ತು ಸಲ ನಿಜವಾದ ಮಾತನ್ನು ಹನ್ನೊಂದನೆಯ ಸಲವೂ ನಂಬುತ್ತೇವೆ. ಈ ವಾರದ ಅಂಕಣ ಆ ಹನ್ನೊಂದನೆಯ ಸಲದ ಬಗ್ಗೆ.

ನನ್ನ ತಂದೆ ತೀರಿಕೊಂಡದ್ದು 1994ರ ಚಳಿಗಾಲದಲ್ಲಿ. ಅವರಿಗೆ ಆಗ ಐವತ್ತಾರು. ರಾತ್ರಿ ಒಂಬತ್ತರ ಹೊತ್ತಿಗೆ ಮುದ್ದೆ ಉಂಡು ಜಗುಲಿಯ ಮೇಲೆ ಕುಳಿತಿದ್ದವರು ಎದೆಯ ಮೇಲೆ ಯಾರೋ ಒರಳು ಕಲ್ಲು ಇಟ್ಟ ಹಾಗೆ ಆಗುತ್ತಿದೆ ಎಂದರು. ಎಡಭುಜ ಜೋಮು ಹಿಡಿದಂತಿದೆ ಎಂದರು. ಅಂಥ ಚಳಿಯಲ್ಲೂ ಅವರ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ನಾನಾದರೋ ಬಿ.ಎಸ್ಸಿ., ಬಿ.ಇಡ್. ಮುಗಿಸಿ ಊರಿಗೆ ಬಂದಿದ್ದ ಹೊಸ ಮೇಷ್ಟ್ರು. ಹೃದಯದ ಚಿತ್ರ ಬಿಡಿಸಿ, ನಾಲ್ಕು ಕೋಣೆಗಳಿಗೂ ಹೆಸರು ಬರೆದು ಪೂರ್ತಿ ಅಂಕ ತೆಗೆದವನು. ಆ ರಾತ್ರಿ ನಾನು ಮಾಡಿದ್ದೇನು? ಅಂಗಡಿಯವರ ಬಾಗಿಲು ತಟ್ಟಿ ಎರಡು ಸೋಡಾ ತಂದೆ. ಅಮ್ಮ ಜೀರಿಗೆ ಕಷಾಯ ಕಾಯಿಸಿದರು. ಮಧ್ಯರಾತ್ರಿ ಸ್ವಲ್ಪ ಕಡಿಮೆಯಾಯಿತು ಎಂದು ಅಪ್ಪ ಹೇಳಿದಾಗ ಎಲ್ಲರೂ ಮಲಗಿದೆವು. ಬೆಳಗಿನ ಜಾವ ಅಮ್ಮ ಕೂಗಿಕೊಂಡಾಗ ಎಲ್ಲವೂ ಮುಗಿದಿತ್ತು. ನಮ್ಮ ಮೊಸಳೆಯಿಂದ ಹಾಸನದ ಆಸ್ಪತ್ರೆಗೆ ಇರುವುದು ಹತ್ತು ಹನ್ನೆರಡು ಕಿಲೋಮೀಟರ್. ಆ ರಾತ್ರಿ ನಮ್ಮ ಕೈಯಲ್ಲಿ ಏಳು ಗಂಟೆ ಇತ್ತು.

ಈ ಕಥೆಯನ್ನು ಮೂವತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ಈಗ ಹೇಳುವುದಕ್ಕೆ ಕಾರಣ 2025ರ ಬೇಸಿಗೆಯ ಕೊನೆ.

ಭಯ ಬಂದ ದಿನಗಳು

2025ರ ಮೇ ಕೊನೆಯಿಂದ ಜೂನ್ ಕೊನೆಯವರೆಗೆ, ಸುಮಾರು ನಲವತ್ತು ದಿನಗಳಲ್ಲಿ, ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರೆಂದು ವರದಿಯಾಯಿತು. ಅವರಲ್ಲಿ ಹರೆಯದವರೂ ಇದ್ದರು. ದಿನ ಬೆಳಗಾದರೆ ಪತ್ರಿಕೆಯಲ್ಲಿ ಒಂದು ಹೊಸ ಭಾವಚಿತ್ರ. ಜಿಲ್ಲೆಯ ಹೆಸರು ದೇಶದ ಬಾಯಿಗೆ ಬಿತ್ತು. ನಮ್ಮೂರಿನ ಜೋಡಿ ದೇವಾಲಯಗಳಾದ ನಾಗೇಶ್ವರ ಮತ್ತು ಚೆನ್ನಕೇಶವನ ಅಂಗಳದಲ್ಲಿ ಸಂಜೆ ಸೇರುವ ಹಿರಿಯರ ಮಾತಿನಲ್ಲಿ ಮಳೆ, ಬೆಲೆ ಎರಡೂ ಹಿಂದೆ ಸರಿದು ಹೃದಯವೇ ಮುಂದೆ ಬಂತು. ನೀರಿನ ದೋಷ ಎಂದರು ಕೆಲವರು; ಕೋವಿಡ್ ಲಸಿಕೆಯ ಫಲ ಎಂದರು ಇನ್ನು ಕೆಲವರು.

ಆಗ ಒಂದು ವಿಚಿತ್ರ ನಡೆಯಿತು. ಮೈಸೂರಿನ ಮತ್ತು ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಬೆಳಕು ಹರಿಯುವ ಮೊದಲೇ ಜನ ಸಾಲುಗಟ್ಟಿದರು. ನಮ್ಮ ಶಾಲೆಯ ದೈಹಿಕ ಶಿಕ್ಷಕರು, ಮೂವತ್ತೆಂಟು ವರ್ಷದ ಗಟ್ಟಿ ಆಳು, ರಜೆ ಹಾಕಿ ಮೈಸೂರಿಗೆ ಹೋಗಿ ದಿನವಿಡೀ ನಿಂತು ಇ.ಸಿ.ಜಿ. ತೆಗೆಸಿಕೊಂಡು 'ಏನೂ ಇಲ್ಲವಂತೆ ಸಾರ್' ಎಂದು ನಗುತ್ತಾ ಬಂದರು. ಅದೇ ವಾರ ನಮ್ಮ ಬೀದಿಯ ಆಟೋ ಚಾಲಕರೊಬ್ಬರು ನಿಜವಾದ ಎದೆನೋವನ್ನು ಇಟ್ಟುಕೊಂಡು ಮಧ್ಯಾಹ್ನದಿಂದ ಸಂಜೆಯವರೆಗೆ ಐದು ಗಂಟೆ ಮನೆಯಲ್ಲೇ ಕುಳಿತಿದ್ದರು. ಬೆಳಿಗ್ಗೆ ತಿಂದ ವಡೆ ಕಾರಣವೆಂದು ಅವರ ಎಣಿಕೆ. ನೋವಿಲ್ಲದವರು ನೂರಿಪ್ಪತ್ತು ಕಿಲೋಮೀಟರ್ ಹೋದರು. ನೋವಿದ್ದವರು ಹತ್ತು ಕಿಲೋಮೀಟರ್ ಹೋಗಲಿಲ್ಲ. ಆ ಚಾಲಕರ ವಿಷಯಕ್ಕೆ ಮುಂದೆ ಬರುತ್ತೇನೆ.

ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸರ್ಕಾರ ಒಂದು ತಜ್ಞರ ಸಮಿತಿ ನೇಮಿಸಿತು. ಸಮಿತಿಯ ವರದಿ 2025ರ ಜುಲೈನಲ್ಲಿ ಬಂತು. ಅದು ಪರಿಶೀಲಿಸಿದ 24 ಸಾವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದವೇ ಅಲ್ಲ. ಉಳಿದವುಗಳಲ್ಲಿಯೂ ಎಷ್ಟೋ ಪ್ರಕರಣಗಳಲ್ಲಿ ಇ.ಸಿ.ಜಿ. ಆಗಲಿ ಮರಣೋತ್ತರ ಪರೀಕ್ಷೆಯಾಗಲಿ ಇಲ್ಲದ್ದರಿಂದ 'ಹೃದಯಾಘಾತ ಇರಬಹುದು' ಎಂದಷ್ಟೇ ಹೇಳಲು ಸಾಧ್ಯವಾಯಿತು. ಜಿಲ್ಲೆಯಲ್ಲಿ ಹೃದಯಾಘಾತ ಇದ್ದಕ್ಕಿದ್ದಂತೆ ಉಕ್ಕಿದೆ ಎನ್ನಲು ಆಧಾರ ಸಿಗಲಿಲ್ಲ. ಲಸಿಕೆಗೂ ಸಾವಿಗೂ ನಂಟು ಕಾಣಲಿಲ್ಲ. ಕಂಡದ್ದು ಹಳೆಯ ಶತ್ರುಗಳೇ: ಬೀಡಿ ಸಿಗರೇಟು, ಮದ್ಯ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು, ಮನೆತನದಲ್ಲಿ ಹೃದ್ರೋಗ. ಸತ್ತವರಲ್ಲಿ ಆಟೋ ಮತ್ತು ಕಾರು ಚಾಲಕರು ಗಮನಾರ್ಹ ಸಂಖ್ಯೆಯಲ್ಲಿದ್ದರು ಎಂಬುದೂ ವರದಿಯಲ್ಲಿತ್ತು. ಹೊತ್ತು ಗೊತ್ತಿಲ್ಲದ ಊಟ, ನಿದ್ದೆಗೇಡು, ಒಂದೇ ಕಡೆ ಕುಳಿತ ದುಡಿಮೆ, ಹೊಗೆ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ಇದನ್ನು ಓದಿ ಹಲವರು ನಿಟ್ಟುಸಿರು ಬಿಟ್ಟರು. ನನಗೆ ಸಮಾಧಾನವಾಗಲಿಲ್ಲ. ಸಾವುಗಳು ಹೊಸದಾಗಿ ಹೆಚ್ಚಿಲ್ಲವೆಂದರೆ ಹಿಂದಿನಿಂದಲೂ ಇಷ್ಟೇ ಸಾಯುತ್ತಿದ್ದರು, ನಾವು ಎಣಿಸುತ್ತಿರಲಿಲ್ಲ ಎಂದಾಯಿತು.

ಕಾಲುವೆಯ ಕೊನೆಯ ಗದ್ದೆ

ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಮೈಗೆಲ್ಲ ರಕ್ತ ಹಂಚುವ ಈ ಪಂಪಿಗೂ ತನ್ನದೇ ಆದ ಆಹಾರ ಬೇಕು. ಅದನ್ನು ಒದಗಿಸುವುದು ಕರೋನರಿ ಧಮನಿಗಳು; ಮೂರು ನಾಲ್ಕು ಮಿಲಿಮೀಟರ್ ಅಗಲದ, ಹೆಚ್ಚೆಂದರೆ ಅಕ್ಕಿಕಾಳಿನ ಉದ್ದವೂ ಇಲ್ಲದಷ್ಟು ಕಿರಿದಾದ ಕೊಳವೆಗಳು. ಅವುಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಸೇರಿ ಗಂಟುಗಳಾಗುತ್ತವೆ. ಇಷ್ಟನ್ನು ಎಲ್ಲರೂ ಕೇಳಿರುತ್ತೀರಿ. ಕೇಳದಿರುವ ಸಂಗತಿ ಮುಂದಿನದು. ಕೊಬ್ಬಿನ ಗಂಟು ಬೆಳೆದು ಬೆಳೆದು ಕೊಳವೆಯನ್ನು ಮುಚ್ಚಿಬಿಡುವುದು ಸಾಮಾನ್ಯವಲ್ಲ. ಆ ಗಂಟಿನ ತೆಳುಪೊರೆ ಒಂದು ದಿನ ಬಿರಿಯುತ್ತದೆ. ಗಾಯವಾದರೆ ರಕ್ತ ಏನು ಮಾಡುತ್ತದೆ? ಹೆಪ್ಪುಗಟ್ಟುತ್ತದೆ. ಬೆರಳು ಕೊಯ್ದಾಗ ನಮ್ಮನ್ನು ಉಳಿಸುವ ಅದೇ ಗುಣ ಇಲ್ಲಿ ಮುಳುವಾಗುತ್ತದೆ. ಕೆಲವೇ ನಿಮಿಷಗಳಲ್ಲಿ ಹೆಪ್ಪು ಕೊಳವೆಗೆ ಬಿರಡೆಯಂತೆ ಕೂರುತ್ತದೆ. ಇದೇ ಹೃದಯಾಘಾತ.

ನೋವಿಲ್ಲದ ದಿನ ತೆಗೆಸಿದ ಇ.ಸಿ.ಜಿ. ಸರಿಯಾಗಿತ್ತು ಎಂಬುದು ನಾಳೆಗೆ ಭರವಸೆಯಲ್ಲ ಎನ್ನುವುದು ಇದರಿಂದ ತಿಳಿಯುತ್ತದೆ. ಅರ್ಧ ಮಾತ್ರ ಕಟ್ಟಿದ, ತೊಂದರೆಯನ್ನೇ ಕೊಡದ ಗಂಟೂ ಬಿರಿಯಬಹುದು. ದೈಹಿಕ ಶಿಕ್ಷಕರ ನಗುವನ್ನು ಕೆಡಿಸಲು ನಾನು ಹೋಗಲಿಲ್ಲ. ಆದರೆ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿಕೊಳ್ಳಿ, ಸಿಗರೇಟು ಬಿಡಿ, ಇ.ಸಿ.ಜಿ. ನೋವು ಬಂದ ದಿನಕ್ಕಿರಲಿ ಎಂದಷ್ಟು ಹೇಳಿದೆ.

ಮುಚ್ಚಿದ ಮೇಲೆ ಏನಾಗುತ್ತದೆ? ಗೊರೂರಿನ ಹೇಮಾವತಿ ಅಣೆಕಟ್ಟಿನ ಕಾಲುವೆಗಳನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಉಪಕಾಲುವೆಯ ತೂಬಿಗೆ ಕಸ ಕಟ್ಟಿಕೊಂಡರೆ ಕೆಳಗಿನ ಗದ್ದೆಗಳೆಲ್ಲ ಅದೇ ಗಳಿಗೆಯಲ್ಲಿ ಒಣಗುವುದಿಲ್ಲ. ಮೊದಲು ಕೊನೆಯ ಗದ್ದೆ ಬಾಡುತ್ತದೆ, ಆಮೇಲೆ ಅದರ ಮೇಲಿನದು, ಆಮೇಲೆ ಅದರ ಮೇಲಿನದು. ಹೃದಯದ ಸ್ನಾಯುವೂ ಹಾಗೆಯೇ. ರಕ್ತ ನಿಂತ ಅರ್ಧ ಗಂಟೆಯ ಆಸುಪಾಸಿನಲ್ಲಿ ಒಳಪದರದಿಂದ ಸಾಯಲು ಶುರುವಾಗಿ ಗಂಟೆಗಳು ಉರುಳಿದಂತೆ ಹೊರಪದರದ ಕಡೆಗೆ ಹಬ್ಬುತ್ತದೆ. ಒಂದು ವ್ಯತ್ಯಾಸವಿದೆ. ಒಣಗಿದ ಗದ್ದೆಯಲ್ಲಿ ಮುಂದಿನ ವರ್ಷ ಮತ್ತೆ ನಾಟಿ ಮಾಡಬಹುದು. ಸತ್ತ ಹೃದಯಸ್ನಾಯುವಿನ ಜಾಗದಲ್ಲಿ ಬೆಳೆಯುವುದು ಮಿಡಿಯಲಾರದ ಗಾಯದ ಕಲೆ ಮಾತ್ರ.

ಹಾಗಾಗಿ ಹೃದಯಾಘಾತದ ಚಿಕಿತ್ಸೆಯೆಂದರೆ ಗಡಿಯಾರದ ಜೊತೆ ಓಟ. ಗಡಿಯಾರ ಶುರುವಾಗುವುದು ಆಸ್ಪತ್ರೆಯ ಬಾಗಿಲಲ್ಲಿ ಅಲ್ಲ. ನಮ್ಮ ಜಗುಲಿಯ ಮೇಲೆ, ನೋವು ಬಂದ ಗಳಿಗೆಯಲ್ಲಿ.

ಹೆಪ್ಪು ಕರಗಿಸುವ ಮದ್ದು

ಹೆಪ್ಪು ಕರಗಿಸಬಹುದು ಎಂಬ ಸುಳಿವು ಸಿಕ್ಕಿದ್ದು 1933ರಲ್ಲಿ. ಅಮೆರಿಕದ ವಿಲಿಯಂ ಟಿಲೆಟ್ ಎಂಬ ವೈದ್ಯರು ಗಂಟಲು ನೋವಿಗೆ ಕಾರಣವಾಗುವ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾಗಳು ರಕ್ತದ ಹೆಪ್ಪನ್ನು ಕರಗಿಸುವುದನ್ನು ಕಂಡರು. ಆ ವಸ್ತುವೇ ಮುಂದೆ ಸ್ಟ್ರೆಪ್ಟೊಕೈನೇಸ್ ಎಂಬ ಔಷಧವಾಯಿತು. ಅದು ನಿಜಕ್ಕೂ ಜೀವ ಉಳಿಸುತ್ತದೆಯೇ ಎಂಬುದು ತೀರ್ಮಾನವಾಗಲು ಅರ್ಧ ಶತಮಾನ ಬೇಕಾಯಿತು. 1988ರಲ್ಲಿ ಪ್ರಕಟವಾದ 'ಐಸಿಸ್-2' ಎಂಬ ಪ್ರಯೋಗದಲ್ಲಿ 417 ಆಸ್ಪತ್ರೆಗಳ 17,187 ರೋಗಿಗಳು ಪಾಲ್ಗೊಂಡಿದ್ದರು. ಐದು ವಾರಗಳ ಲೆಕ್ಕದಲ್ಲಿ ಸ್ಟ್ರೆಪ್ಟೊಕೈನೇಸ್ ಸಾವನ್ನು ಶೇಕಡಾ 25ರಷ್ಟು ತಗ್ಗಿಸಿತು. ಎಲ್ಲರಿಗೂ ಅಚ್ಚರಿ ತಂದದ್ದು ಮಾತ್ರ ಇನ್ನೊಂದು ಔಷಧ. ದಿನಕ್ಕೆ ಅರ್ಧ ಮಾತ್ರೆಯಷ್ಟು ಸಾಮಾನ್ಯ ಆಸ್ಪಿರಿನ್ ಒಂದೇ ಸಾವನ್ನು ಶೇಕಡಾ 23ರಷ್ಟು ತಗ್ಗಿಸಿತ್ತು. ಎರಡೂ ಸೇರಿದಾಗ ಶೇಕಡಾ 42.

ಇದು 1988ರ ಮಾತು. ಅಪ್ಪ ಹೋದದ್ದು ಅದಾಗಿ ಆರು ವರ್ಷಕ್ಕೆ. ನಾನು ಸೋಡಾ ತಂದ ಅದೇ ಅಂಗಡಿಯ ಗಾಜಿನ ಭರಣಿಯಲ್ಲಿ ತಲೆನೋವಿಗೆಂದು ಆಸ್ಪಿರಿನ್ ಮಾತ್ರೆಯೂ ಇತ್ತು.

ಇರಲಿ. ಹೊತ್ತಿನ ಬೆಲೆ ಎಷ್ಟು ಎಂಬುದಕ್ಕೂ ಲೆಕ್ಕವಿದೆ. ಇಂಥ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ಹಾಲೆಂಡಿನ ಬೂರ್ಸ್ಮಾ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ನೋವು ಬಂದ ಮೊದಲ ಗಂಟೆಯೊಳಗೆ ಮದ್ದು ಕೊಟ್ಟರೆ ಸಾವಿರ ರೋಗಿಗಳಲ್ಲಿ 65 ಹೆಚ್ಚುವರಿ ಜೀವ ಉಳಿಯುತ್ತದೆ. ಎರಡನೆಯ ಗಂಟೆಯಲ್ಲಿ ಕೊಟ್ಟರೆ 37. ಮೂರನೆಯ ಗಂಟೆಯಲ್ಲಿ 26. ಮದ್ದು ಅದೇ, ರೋಗ ಅದೇ, ಬದಲಾದದ್ದು ಗಡಿಯಾರದ ಮುಳ್ಳು ಮಾತ್ರ. ಶಾಲೆಯ ಹುಡುಗರಿಗೆ ನಾನು ಈ ಮೂರು ಅಂಕಿಗಳನ್ನು ಹಲಗೆಯ ಮೇಲೆ ಬರೆದು ನಕ್ಷೆ ಹಾಕಿಸುತ್ತೇನೆ. ನಕ್ಷೆ ಇಳಿಯುವ ರಭಸ ನೋಡಿ ಅವರೇ ಬೆರಗಾಗುತ್ತಾರೆ.

ತಾಲ್ಲೂಕಿಗೆ ಬಂದ ಚಿಕಿತ್ಸೆ

ಸ್ಟ್ರೆಪ್ಟೊಕೈನೇಸನ್ನು ಸುಮಾರು ಒಂದು ಗಂಟೆಯ ಕಾಲ ಹನಿಹನಿಯಾಗಿ ಕೊಡಬೇಕು. ನಡುವೆ ರಕ್ತದೊತ್ತಡ ಕುಸಿಯಬಹುದು, ಅಲರ್ಜಿಯಾಗಬಹುದು. ಈಗ ಟೆನೆಕ್ಟಿಪ್ಲೇಸ್ ಎಂಬ ಔಷಧವಿದೆ. ನಮ್ಮ ದೇಹದಲ್ಲೇ ಹೆಪ್ಪು ಕರಗಿಸುವ ಒಂದು ಪ್ರೋಟೀನನ್ನು ತುಸು ಮಾರ್ಪಡಿಸಿ ತಯಾರಿಸಿದ್ದು. ರೋಗಿಯ ತೂಕಕ್ಕೆ ತಕ್ಕಂತೆ ಅಳೆದು ರಕ್ತನಾಳಕ್ಕೆ ಕೆಲವೇ ಸೆಕೆಂಡುಗಳಲ್ಲಿ ಒಂದೇ ಚುಚ್ಚುಮದ್ದಾಗಿ ಕೊಡುತ್ತಾರೆ. 75 ವರ್ಷ ದಾಟಿದವರಿಗೆ ಅರ್ಧ ಪ್ರಮಾಣ ಸಾಕು. ಒಂದೇ ಚುಚ್ಚುಮದ್ದು ಎನ್ನುವುದು ಸಣ್ಣ ಅನುಕೂಲವಲ್ಲ. ಹೃದ್ರೋಗ ತಜ್ಞರಿಲ್ಲದ ಆಸ್ಪತ್ರೆಯಲ್ಲೂ ಚಿಕಿತ್ಸೆ ಆರಂಭಿಸಲು ಅದು ದಾರಿ ಮಾಡಿತು.

ಉಳಿದ ತೊಡಕು ಎರಡು. ಇ.ಸಿ.ಜಿ. ಓದಿ 'ಇದು ಹೃದಯಾಘಾತವೇ' ಎಂದು ಹೇಳುವವರು ಯಾರು? ಹತ್ತಾರು ಸಾವಿರ ರೂಪಾಯಿಯ ಮದ್ದಿಗೆ ಹಣ ಕೊಡುವವರು ಯಾರು? ಈ ಎರಡಕ್ಕೂ ಉತ್ತರವಾಗಿ ನಮ್ಮ ರಾಜ್ಯ ಸರ್ಕಾರ 2023ರಲ್ಲಿ ಒಂದು ಯೋಜನೆ ಪ್ರಕಟಿಸಿತು. 2021ರ ಅಕ್ಟೋಬರ್ 29ರಂದು ನಲವತ್ತಾರನೆಯ ವಯಸ್ಸಿನಲ್ಲೇ ಹೃದಯಾಘಾತದಿಂದ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ 'ಹೃದಯ ಜ್ಯೋತಿ' ಯೋಜನೆ. ಇದರ ವಿನ್ಯಾಸ ಎತ್ತಿನ ಗಾಡಿಯ ಚಕ್ರದಂತೆ. ಜಯದೇವದಂಥ ದೊಡ್ಡ ಆಸ್ಪತ್ರೆ ಗುಂಬ. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳು ಅರಗಳು. ಎದೆನೋವೆಂದು ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇ.ಸಿ.ಜಿ. ತೆಗೆಯುತ್ತಾರೆ. ಅದು ತಂತಿಯಿಲ್ಲದೆ ರವಾನೆಯಾಗಿ, ಗಣಕಯಂತ್ರದ ನೆರವಿನಿಂದ ವಿಶ್ಲೇಷಣೆಗೊಂಡು, ಕೆಲವೇ ನಿಮಿಷಗಳಲ್ಲಿ ಉತ್ತರ ಬರುತ್ತದೆ. ಹೃದಯಾಘಾತ ಖಚಿತವಾದರೆ ಟೆನೆಕ್ಟಿಪ್ಲೇಸ್ ಉಚಿತ. ನಂತರ ರೋಗಿಯನ್ನು ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಹಾಸನದ ಸಾವುಗಳ ಗದ್ದಲದ ನಂತರ, 2025ರ ಜುಲೈನಲ್ಲಿ, ಯೋಜನೆಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ ಹೇಳಿತು.

ಇ.ಸಿ.ಜಿ.ಯನ್ನು ಹಳ್ಳಿಗೆ ಒಯ್ಯುವ ಕೆಲಸ ಸರ್ಕಾರಕ್ಕಿಂತ ಮೊದಲೇ ನಮ್ಮ ರಾಜ್ಯದಲ್ಲಿ ನಡೆದಿತ್ತೆಂಬುದನ್ನೂ ಇಲ್ಲಿ ನೆನೆಯಬೇಕು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ದಾನಿಗಳ ನೆರವಿನಿಂದ ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರ ಕೊಡಿಸಿ, ವಾಟ್ಸಾಪ್ ಗುಂಪಿನಲ್ಲಿ ಬರುವ ಪಟ್ಟಿಗಳನ್ನು ತಜ್ಞರು ಕೂಡಲೇ ಓದಿ ಸಲಹೆ ಕೊಡುವ ಏರ್ಪಾಡು ಮಾಡಿದರು. ನಮ್ಮ ಹುಡುಗರು ಇಡೀ ದಿನ ಬೆರಳಾಡಿಸುವ ಅದೇ ವಾಟ್ಸಾಪು!

ಮೂರು ಅಂಕಿಗಳು

ಈ ಪುರವಣಿಯನ್ನು ಓದುವ ವೈದ್ಯ ಮಿತ್ರರಿಗೂ ದಾದಿಯರಿಗೂ ಮೇಷ್ಟ್ರ ಪಾಠ ಬೇಕಿಲ್ಲ. ಆದರೆ ಅವರು ಏಕೆ ಹೀಗೆ ಮಾಡುತ್ತಾರೆ ಎಂಬುದು ರೋಗಿಯ ಕಡೆಯವರಿಗೆ ಗೊತ್ತಿರುವುದು ಒಳ್ಳೆಯದು. ಇಂದು ತುರ್ತು ಚಿಕಿತ್ಸಾ ವಿಭಾಗಗಳು ಪಾಲಿಸಬೇಕೆನ್ನುವ ಅಂಕಿಗಳು ಮೂರು: 10, 30, 120.

ಎದೆನೋವಿನವರು ಒಳಗೆ ಬಂದ 10 ನಿಮಿಷದೊಳಗೆ ಇ.ಸಿ.ಜಿ. ಆಗಬೇಕು. ಚೀಟಿ ಬರೆಸುವುದು, ಆಧಾರ್ ಕಾರ್ಡು ಹುಡುಕುವುದು ಆಮೇಲೆ. ಇ.ಸಿ.ಜಿ. ಪಟ್ಟಿಯ ಅಲೆಗಳಿಗೆ ಡಚ್ ವಿಜ್ಞಾನಿ ಐಂತೋವನ್ ಪಿ, ಕ್ಯೂ, ಆರ್, ಎಸ್, ಟಿ ಎಂದು ಹೆಸರಿಟ್ಟ; 1924ರಲ್ಲಿ ಅವನಿಗೆ ನೊಬೆಲ್ ಬಂತು. ಎಸ್ ಮತ್ತು ಟಿ ನಡುವಿನ ಗೆರೆ ಆರೋಗ್ಯವಂತರಲ್ಲಿ ಬಹುತೇಕ ಸಮತಟ್ಟು. ಧಮನಿ ಪೂರ್ತಿ ಮುಚ್ಚಿದಾಗ ಆ ಗೆರೆ ದಿಬ್ಬದಂತೆ ಏಳುತ್ತದೆ.

ಆಂಜಿಯೋಪ್ಲಾಸ್ಟಿ, ಅಂದರೆ ತೊಡೆ ಅಥವಾ ಮಣಿಕಟ್ಟಿನ ನಾಳದಿಂದ ತೂರಿಸಿದ ಬಲೂನಿನಿಂದ ಧಮನಿಯನ್ನು ತೆರೆಯುವುದು, ಎಲ್ಲಕ್ಕಿಂತ ಉತ್ತಮ ಚಿಕಿತ್ಸೆ. ಆದರೆ ಅದು 120 ನಿಮಿಷದೊಳಗೆ ಆಗುವಂತಿರಬೇಕು. ಆಗದೆನಿಸಿದರೆ ಕಾಯಬಾರದು; 30 ನಿಮಿಷದೊಳಗೆ ಹೆಪ್ಪು ಕರಗಿಸುವ ಮದ್ದು ಕೊಡಬೇಕು. ಕೊಟ್ಟು ಸುಮ್ಮನಾಗುವುದೂ ಸರಿಯಲ್ಲ. ಮದ್ದು ಎಲ್ಲರಲ್ಲೂ ಕೆಲಸ ಮಾಡುವುದಿಲ್ಲವಾದ್ದರಿಂದ ರೋಗಿಯನ್ನು ಕೂಡಲೇ ದೊಡ್ಡ ಆಸ್ಪತ್ರೆಯ ಕಡೆ ಹೊರಡಿಸಬೇಕು. ನಾಳ ತೆರೆದವರಿಗೂ 2ರಿಂದ 24 ಗಂಟೆಯೊಳಗೆ ಆಂಜಿಯೋಗ್ರಾಂ ಆಗಬೇಕು. 2013ರಲ್ಲಿ ಪ್ರಕಟವಾದ 'ಸ್ಟ್ರೀಮ್' ಎಂಬ ಅಧ್ಯಯನ, ನೋವು ಬಂದ ಮೂರು ಗಂಟೆಯೊಳಗೆ ಬಂದವರಿಗೆ ಈ ಎರಡು ಹೆಜ್ಜೆಯ ಕ್ರಮವೂ ನೇರ ಆಂಜಿಯೋಪ್ಲಾಸ್ಟಿಗೆ ಸರಿಸಾಟಿಯಾದ ಫಲ ಕೊಡಬಲ್ಲದೆಂದು ತೋರಿಸಿತು. ಹಳ್ಳಿಗಾಡಿನವರಿಗೆ ಇದಕ್ಕಿಂತ ದೊಡ್ಡ ಸುದ್ದಿ ಬೇರೆ ಯಾವುದಿದೆ?

ಹಾಗೆಂದು ಎಲ್ಲ ಎದೆನೋವಿಗೂ ಈ ಚುಚ್ಚುಮದ್ದು ಕೊಡಿ ಎಂದು ಹಟ ಹಿಡಿಯಬೇಡಿ. ಗೆರೆ ಏಳದ ಬಗೆಯ ಹೃದಯಾಘಾತದಲ್ಲಿ ಇದರಿಂದ ಪ್ರಯೋಜನವಿಲ್ಲ, ಕೇಡೇ ಹೆಚ್ಚು. ಆಗ ಟ್ರೋಪೊನಿನ್ ಎಂಬ ರಕ್ತಪರೀಕ್ಷೆ ಮಾಡುತ್ತಾರೆ. ಗಾಯಗೊಂಡ ಹೃದಯಸ್ನಾಯುವಿನಿಂದ ಸೋರುವ ಪ್ರೋಟೀನು ಅದು. ಮೊದಲ ಪರೀಕ್ಷೆ ಸರಿಯಿದ್ದರೂ ಗಂಟೆ ಎರಡು ಗಂಟೆ ಬಿಟ್ಟು ಮತ್ತೆ ನೋಡುವುದುಂಟು. 'ಸುಮ್ಮನೆ ಕೂಡಿಹಾಕಿ ಬಿಲ್ಲು ಮಾಡುತ್ತಿದ್ದಾರೆ' ಎಂದು ಜಗಳವಾಡಿ ಎದ್ದುಬರಬೇಡಿ. ಹೆಪ್ಪು ಕರಗಿಸುವ ಮದ್ದು ಬೇಡದ ಕಡೆಯೂ ರಕ್ತ ಸುರಿಸಬಲ್ಲದು. ನೂರರಲ್ಲಿ ಒಬ್ಬರ ಆಸುಪಾಸು ಮಿದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವಿದೆ. ಹಿಂದೆ ಮಿದುಳಿನ ರಕ್ತಸ್ರಾವವಾಗಿದ್ದರೆ, ಇತ್ತೀಚೆಗೆ ದೊಡ್ಡ ಶಸ್ತ್ರಚಿಕಿತ್ಸೆಯಾಗಿದ್ದರೆ ತಪ್ಪದೆ ತಿಳಿಸಬೇಕು.

ವೈದ್ಯಕೀಯ ತನ್ನ ಹಳೆಯ ರೂಢಿಗಳನ್ನು ತಾನೇ ತಿದ್ದಿಕೊಳ್ಳುತ್ತದೆ ಎಂಬುದಕ್ಕೂ ಒಂದು ಉದಾಹರಣೆ ಕೊಡಬಹುದು. ಹೃದಯಾಘಾತವೆಂದರೆ ಮೂಗಿಗೆ ಆಮ್ಲಜನಕದ ನಳಿಕೆ ಎಂಬುದು ಸಿನಿಮಾಗಳಿಂದಲೂ ನಮಗೆ ಗೊತ್ತು. 2017ರಲ್ಲಿ ಸ್ವೀಡನ್ನಿನಲ್ಲಿ 6,629 ರೋಗಿಗಳ ಮೇಲೆ ಪರೀಕ್ಷಿಸಿ ನೋಡಿದರು. ರಕ್ತದಲ್ಲಿ ಆಮ್ಲಜನಕದ ಮಟ್ಟ ಶೇಕಡಾ 90 ಅಥವಾ ಮೇಲಿದ್ದವರಿಗೆ ಹೆಚ್ಚುವರಿ ಆಮ್ಲಜನಕದಿಂದ ಜೀವ ಉಳಿಯುವುದರಲ್ಲಿ ಯಾವ ಲಾಭವೂ ಕಾಣಲಿಲ್ಲ. ಈಗ ಮಟ್ಟ ಇಳಿದವರಿಗೆ ಮಾತ್ರ ಕೊಡುತ್ತಾರೆ. ಆದ್ದರಿಂದ 'ಆಕ್ಸಿಜನ್ ಕೂಡ ಹಾಕಲಿಲ್ಲ' ಎಂದು ವೈದ್ಯರ ಮೇಲೆ ಎರಗುವ ಮೊದಲು ಯೋಚಿಸಿ.

ನೀರು ನಿಲ್ಲುವುದು, ಕರೆಂಟು ಹೋಗುವುದು

ಹೃದಯಾಘಾತ ಬೇರೆ, ಹೃದಯಸ್ತಂಭನ ಬೇರೆ. ಮೊದಲನೆಯದು ಕೊಳವೆಯ ತೊಂದರೆ. ರೋಗಿಗೆ ಎಚ್ಚರವಿರುತ್ತದೆ, ಮಾತಾಡುತ್ತಾನೆ. ಎರಡನೆಯದು ವಿದ್ಯುತ್ತಿನ ತೊಂದರೆ. ರಕ್ತ ಸಿಗದ ಸ್ನಾಯುವಿನಲ್ಲಿ ವಿದ್ಯುತ್ ಕ್ರಮಗೆಟ್ಟು ಹೃದಯ ಮಿಡಿಯುವ ಬದಲು ಸುಮ್ಮನೆ ಅದುರುತ್ತದೆ. ಮನುಷ್ಯ ಕುಸಿದು ಬೀಳುತ್ತಾನೆ, ಉಸಿರು ನಿಲ್ಲುತ್ತದೆ. ಅಪ್ಪನಿಗೆ ಬೆಳಗಿನ ಜಾವ ಆದದ್ದು ಬಹುಶಃ ಇದೇ.

ಆಗ ಮಾಡಬೇಕಾದ್ದನ್ನು ಕಂಡುಹಿಡಿದವರಲ್ಲಿ ಒಬ್ಬರು ವೈದ್ಯರೇ ಅಲ್ಲ, ವಿಲಿಯಂ ಕೌವೆನ್‌ಹೋವನ್ ಎಂಬ ವಿದ್ಯುತ್ ಎಂಜಿನಿಯರ್. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಪ್ರಯೋಗ ನಡೆಯುತ್ತಿದ್ದಾಗ, ಭಾರವಾದ ಲೋಹದ ಫಲಕವನ್ನು ನಾಯಿಯ ಎದೆಗೆ ಒತ್ತಿದ ಮಾತ್ರಕ್ಕೆ ರಕ್ತದೊತ್ತಡ ಏರುವುದನ್ನು ಅವರ ತಂಡ ಗಮನಿಸಿತು. ಹೊರಗಿನಿಂದ ಎದೆ ಒತ್ತಿಯೇ ರಕ್ತ ಓಡಿಸಬಹುದೆಂದು 1960ರಲ್ಲಿ ಅವರು ಪ್ರಕಟಿಸಿದರು. ಅದೇ ಇಂದಿನ ಸಿ.ಪಿ.ಆರ್.

ಕುಸಿದವರು ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ 108ಕ್ಕೆ ಕರೆ ಮಾಡಿಸಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಎದೆಯ ನಡುಮೂಳೆಯ ಕೆಳ ಅರ್ಧಭಾಗದ ಮೇಲೆ ಒಂದು ಅಂಗೈ, ಅದರ ಮೇಲೆ ಇನ್ನೊಂದು. ಮೊಣಕೈ ಮಡಿಸದೆ ಐದರಿಂದ ಆರು ಸೆಂಟಿಮೀಟರ್ ತಗ್ಗುವಂತೆ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಒತ್ತಿ. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡಿ. ಬಾಯಿಂದ ಉಸಿರು ಕೊಡಲು ಬಾರದಿದ್ದರೆ ಒತ್ತುವುದಷ್ಟೇ ಸಾಕು. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಒತ್ತುವವರಿಲ್ಲದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ. ಮುಖಕ್ಕೆ ನೀರು ಎರಚುವುದು, ಈರುಳ್ಳಿ ಮೂಸಿಸುವುದು, ಕೈಗೆ ಕಬ್ಬಿಣ ಕೊಡುವುದು, ಸುತ್ತ ನಿಂತು ಅಳುವುದು ಇವೆಲ್ಲ ಆ ನಿಮಿಷಗಳನ್ನು ತಿನ್ನುವ ಕೆಲಸ. ನಮ್ಮ ಒಂಬತ್ತನೆಯ ತರಗತಿಯ ಮಕ್ಕಳಿಗೆ ಹತ್ತಿ ತುಂಬಿದ ಗೋಣಿಚೀಲದ ಮೇಲೆ ಇದನ್ನು ಕಲಿಸಿದ್ದೇವೆ. ಎರಡೇ ನಿಮಿಷಕ್ಕೆ ಸುಸ್ತಾಗುತ್ತಾರೆ. ಆದ್ದರಿಂದ ಸರದಿಯ ಮೇಲೆ ಒತ್ತಬೇಕೆಂಬುದೂ ಅವರಿಗೆ ತಾನಾಗಿ ತಿಳಿಯಿತು.

ಜಗುಲಿಯ ಮೇಲಿನ ಗಡಿಯಾರ

ಹಾಗಾದರೆ ಗ್ಯಾಸ್ಟ್ರಿಕ್ ಯಾವುದು, ಹೃದಯಾಘಾತ ಯಾವುದು? ಮನೆಯಲ್ಲಿ ಕುಳಿತು ಖಚಿತವಾಗಿ ಹೇಳಲು ಯಾರಿಂದಲೂ ಆಗದು, ವೈದ್ಯರಿಂದಲೂ ಆಗದು. ಎದೆಯ ನಡುವೆ ಹಿಂಡಿದಂತೆ, ಭಾರ ಹೇರಿದಂತೆ ನೋವು, ಅದು ಭುಜಕ್ಕೆ, ತೋಳಿಗೆ, ದವಡೆಗೆ, ಬೆನ್ನಿಗೆ ಹರಿಯುವುದು, ಕಾರಣವಿಲ್ಲದ ತಣ್ಣನೆಯ ಬೆವರು, ಏದುಸಿರು, ವಾಂತಿ. ಇವುಗಳಲ್ಲಿ ಯಾವುದಾದರೂ ಹದಿನೈದು ನಿಮಿಷ ನಿಂತಿತೆಂದರೆ ಇ.ಸಿ.ಜಿ. ಇಲ್ಲದೆ ಗ್ಯಾಸ್ಟ್ರಿಕ್ ಎಂಬ ಮಾತು ಬಾಯಿಂದ ಬರಕೂಡದು. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಬರಿಯ ಸುಸ್ತು, ಉಬ್ಬಸ, ಹೊಟ್ಟೆಯ ಮೇಲ್ಭಾಗದ ಸಂಕಟ ಇರಬಹುದು. ಅಡುಗೆ ಮನೆಯಲ್ಲಿ ಅಮ್ಮ 'ಯಾಕೋ ಸಂಕಟ' ಎಂದರೆ 'ಸ್ವಲ್ಪ ಮಲಗು' ಎನ್ನುವ ಮೊದಲು ಅವರ ಹಣೆ ಮುಟ್ಟಿ ನೋಡಿ.

ಸ್ವಂತ ಬೈಕಿನ ಹಿಂದೆ ಕೂರಿಸಿಕೊಂಡು ಹೋಗಬೇಡಿ. 2008ರ ನವೆಂಬರ್ 1ರಿಂದ 108 ಆಂಬುಲೆನ್ಸ್ ಸೇವೆ ನಮ್ಮ ರಾಜ್ಯದಲ್ಲಿದೆ. ಅದು ತಡವಾಗುವುದಾದರೆ ಸಿಕ್ಕ ಕಾರಿನಲ್ಲಿ ಹೊರಡಿ. ಆಸ್ಪಿರಿನ್ ಅಲರ್ಜಿ, ರಕ್ತಸ್ರಾವದ ತೊಂದರೆ, ಹೊಟ್ಟೆಹುಣ್ಣು ಇಲ್ಲದವರಿಗೆ 300 ಮಿಲಿಗ್ರಾಮಿನ ಒಂದು ಆಸ್ಪಿರಿನ್ ಮಾತ್ರೆಯನ್ನು ಅಗಿದು ನುಂಗಲು ವೈದ್ಯರು ಹೇಳುತ್ತಾರೆ. ಕರೆ ಮಾಡಿದಾಗಲೇ ಕೇಳಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ಹೆಸರಾಂತ ಆಸ್ಪತ್ರೆ ಎಂದು ನೇರ ಮೈಸೂರು, ಬೆಂಗಳೂರಿಗೆ ಗಾಡಿ ತಿರುಗಿಸಬೇಡಿ. ಮೊದಲು ಇ.ಸಿ.ಜಿ. ಇರುವ ಹತ್ತಿರದ ಆಸ್ಪತ್ರೆ. ದೊಡ್ಡ ಊರು ಆಮೇಲೆ.

ನಮ್ಮ ಬೀದಿಯ ಆಟೋ ಚಾಲಕರ ವಿಷಯ ಹೇಳುವುದು ಬಾಕಿಯಿದೆ. ಆರನೆಯ ಗಂಟೆಗೆ ಅವರ ಮಗಳು, ನಮ್ಮ ಶಾಲೆಯ ಹುಡುಗಿ, ನಕ್ಷೆ ಹಾಕಿದ್ದವಳು, ಹಟ ಹಿಡಿದು ಆಸ್ಪತ್ರೆಗೆ ಹೊರಡಿಸಿದಳು. ಇ.ಸಿ.ಜಿ.ಯಲ್ಲಿ ಗೆರೆ ಎದ್ದಿತ್ತು. ಚುಚ್ಚುಮದ್ದು ಕೊಟ್ಟರು, ಮುಂದಕ್ಕೆ ಕಳಿಸಿದರು, ಸ್ಟೆಂಟ್ ಹಾಕಿದರು. ಈಗ ಬದುಕಿದ್ದಾರೆ. ಆದರೆ ಹೃದಯದ ಒಂದು ಭಾಗ ಮಿಡಿಯುವುದಿಲ್ಲ. ಎರಡು ಚೀಲ ಸಾಮಾನು ಎತ್ತಿದರೆ ಏದುಸಿರು. ಆಟೋ ಮಾರಿ ಮನೆಯ ಮುಂದೆ ಸಣ್ಣ ಅಂಗಡಿ ಇಟ್ಟುಕೊಂಡಿದ್ದಾರೆ. 'ಐದು ಗಂಟೆ ಮೊದಲೇ ಹೋಗಿದ್ದರೆ?' ಎಂದು ಒಮ್ಮೆ ಕೇಳಿದರು. ನಾನು ವಿಜ್ಞಾನದ ಮೇಷ್ಟ್ರು, ಉತ್ತರ ಗೊತ್ತಿತ್ತು. ಹೇಳಲಿಲ್ಲ.

ಓದುಗರಲ್ಲಿ ಒಂದು ಬಿನ್ನಹ. ಹೊಳೆನರಸೀಪುರವಿರಲಿ, ಅರಕಲಗೂಡಿರಲಿ, ಚನ್ನರಾಯಪಟ್ಟಣವಿರಲಿ, ಈ ವಾರ ಸಂತೆಗೆ ಹೋದಾಗ ನಿಮ್ಮ ತಾಲ್ಲೂಕು ಆಸ್ಪತ್ರೆಯ ಒಳಗೆ ಹೋಗಿ ಎರಡು ಪ್ರಶ್ನೆ ಕೇಳಿ ಬನ್ನಿ. ರಾತ್ರಿ ಹೊತ್ತಿನಲ್ಲೂ ಇ.ಸಿ.ಜಿ. ತೆಗೆಯುತ್ತೀರಾ? ಹೆಪ್ಪು ಕರಗಿಸುವ ಚುಚ್ಚುಮದ್ದು ಇಂದು ದಾಸ್ತಾನಿನಲ್ಲಿ ಇದೆಯಾ? ಹೌದೆಂದರೆ ಮನೆಗೆ ಬಂದು ಎಲ್ಲರಿಗೂ ಹೇಳಿ. ಇಲ್ಲವೆಂದರೆ ಗ್ರಾಮಸಭೆಯಲ್ಲಿ, ಶಾಸಕರು ಸಿಕ್ಕಲ್ಲಿ, ಸಿಗುವವರೆಗೂ ಕೇಳುತ್ತಿರಿ. ನೋವು ಬಂದ ರಾತ್ರಿ ಇದನ್ನೆಲ್ಲ ವಿಚಾರಿಸಲು ಪುರುಸೊತ್ತಿರುವುದಿಲ್ಲ.

ನಮ್ಮ ಮನೆಯ ಜಗುಲಿಯ ಮೇಲೆ ಈಗ ಒಂದು ಗೋಡೆ ಗಡಿಯಾರ ಹಾಕಿದ್ದೇನೆ. ಅದರ ಕೆಳಗೆ ಸೀಮೆಸುಣ್ಣದಲ್ಲಿ 108 ಎಂದು ಬರೆದಿದೆ. ಮಳೆಗೆ ಅಳಿಸಿದಾಗಲೆಲ್ಲ ಮತ್ತೆ ಬರೆಯುತ್ತೇನೆ.